ಬಲಗಿವಿಯ ಪ್ರಾಸ

"ಡಾಟರ್ ಅನ್ನೋದಕ್ಕ ಜೋಡಿ ಶಬ್ದ ಯಾವ್ದ್ ಇದ್ದೀತು?"

ಯಾರನ್ನೂ ಕೇಳಿದ ಪ್ರಶ್ನೆ ಅಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಗೂ ಪಕ್ಕದ ಕಾಮ್ರಾನ್ ಭಾಯ್ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅದರಾಚೆ ಕರಿಬೇವಿನ ಗಿಡದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬುರ್ಹಾನುದ್ದೀನ್ ಚಾಚಾ ಕೂತಿದ್ದರು. ಕಾಮ್ರಾನ್ ಭಾಯಿಯ ತಂದೆ. ಮೊಮ್ಮಗಳು ಫರ್ಹೀನಳ ಮದುವೆಗೆಂದು ಹೆಂಡತಿಯೊಡನೆ ಕಮಲಾಪುರದಿಂದ ಬಂದವರು. ಕಣ್ಣು ಮುಚ್ಚಿಕೊಂಡು ಬೆರಳುಗಳಿಂದ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದರು. ನಾನು ಈಚೆ ಬಟ್ಟೆ ಒಣಹಾಕುತ್ತಿದ್ದೆ. ಸಂಜೆಯಾದರೆ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ಬಾಯಿ ನನ್ನದು, ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ ಉತ್ತರ ಹೊರಬಿತ್ತು.

"ವಾಟರ್, ಚಾಚಾ."

ಅವರು ಬೆಚ್ಚಲಿಲ್ಲ, ಕಣ್ಣನ್ನೂ ತೆರೆಯಲಿಲ್ಲ. ಬೆರಳು ಮಾತ್ರ ಒಂದು ಕ್ಷಣ ನಿಂತು ಮತ್ತೆ ನಡೆದವು. "ಮಗಳು, ನೀರು. ಕೂಡ್ತದ," ಅಂದರು. "ಇನ್ನೊಂದು?"

ಚಾಚಾನನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದವಳು. ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಕಮಲಾಪುರದಲ್ಲಿ ಅವರ ಹೊಲಿಗೆ ಅಂಗಡಿಯ ಹಿಂದಿನ ಓಣಿಯೇ ನಮ್ಮದು. ಹುಣ್ಣಿಮೆಗೆ ನಮ್ಮವ್ವ ಪುತಳಾಬಾಯಿ ಕೈ ಹಿಡಿದು ಬುದ್ಧವಿಹಾರಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ಎಲ್ಲರೊಡನೆ ಪಾಲಿಯ ಗಾಥೆಗಳನ್ನು ಹೇಳುತ್ತಿದ್ದೆ. ಒಂದು ಶಬ್ದವೂ ತಿಳಿಯುತ್ತಿರಲಿಲ್ಲ, ಆದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಅನ್ನುವುದು ಮೈಗೆ ಬಂದಿತ್ತು. ಮನೆಗೆ ಬಂದರೆ ಹಿತ್ತಲ ಕಿಟಕಿಯಿಂದ ಚಾಚಾನ ಹೊಲಿಗೆ ಮಷಿನ್ನಿನ ಸಪ್ಪಳ, ಅದರ ಲಯಕ್ಕೆ ಅವರು ಕಟ್ಟುವ ಉರ್ದು ಸಾಲುಗಳು. ಅವೂ ತಿಳಿಯುತ್ತಿರಲಿಲ್ಲ. ಅರ್ಥ ಬಂದದ್ದು ಆಮೇಲೆ. ಕೆಲವಕ್ಕೆ ಇನ್ನೂ ಬಂದಿಲ್ಲ, ಆದರೂ ಅವು ನನ್ನನ್ನು ಬಿಟ್ಟು ಹೋಗಿಲ್ಲ.

ಚಾಚಾನ ಮನೆತನದಲ್ಲಿ ಒಂದು ಪದ್ಧತಿ. ನಿಕಾಹ್ ಎಲ್ಲಿಯೇ ಆಗಲಿ, ಹೆಣ್ಣುಮಗಳು ಗಂಡನ ಮನೆಗೆ ಹೊರಡುವುದು ಕಮಲಾಪುರದ ಮನೆಯ ಅಂಗಳದಿಂದಲೇ. ಹೊರಡುವ ಮುಂಚೆ ಮನೆಯ ಹಿರಿಯರು ನಿಂತು ಒಂದು ಪದ್ಯ ಹೇಳಬೇಕು. ಅದಕ್ಕೆ ರುಖ್ಸತಿ ಅನ್ನುತ್ತಾರೆ. ಹುಡುಗಿಯ ಸ್ವಭಾವ ಎಂಥದು, ಅವಳಿಗೆ ಏನು ಸೇರುತ್ತದೆ, ಯಾವುದಕ್ಕೆ ಅವಳ ಕಣ್ಣು ತುಂಬುತ್ತದೆ, ಎಲ್ಲವನ್ನೂ ಪ್ರಾಸದಲ್ಲಿ ಕಟ್ಟಿ ಬೀಗರ ಕೈಗೆ ಒಪ್ಪಿಸುವುದು. ಕಾಗದ ನೋಡಿ ಓದುವಂತಿಲ್ಲ. ಮಗಳನ್ನು ಬಾಯಿಪಾಠ ಮಾಡದವನು ಅವಳನ್ನು ಕಳಿಸಬಾರದು ಅಂತ ಚಾಚಾನ ವಾದ. ಅಕ್ಕತಂಗಿಯರು, ಹೆಣ್ಣುಮಕ್ಕಳು, ಅಣ್ಣತಮ್ಮಂದಿರ ಹೆಣ್ಣುಮಕ್ಕಳು, ಎಲ್ಲರನ್ನೂ ಅವರು ಹಾಗೆಯೇ ಕಳಿಸಿದ್ದಾರೆ.

ಫರ್ಹೀನಳದ್ದೇ ತೊಡಕು. ಹುಡುಗ ತಾರಿಖ್ ಕೋಳಿಕ್ಕೋಡಿನವನು. ಇಬ್ಬರೂ ಇಲ್ಲಿ ಒಂದೇ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು, ಅವನಿಗೆ ಊರ ಕಡೆ ವರ್ಗವಾಗಿತ್ತು, ಅವಳಿಗೂ ಆಗುವುದಿತ್ತು. ಹುಡುಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಕಡೆಯವರಿಗೆ ಉರ್ದು ಬಾರದು, ಕನ್ನಡ ಬಾರದು. ನಮ್ಮವರಿಗೆ ಮಲಯಾಳಂ ಬಾರದು. ನಡುವೆ ಉಳಿದದ್ದು ಇಂಗ್ಲಿಷ್ ಒಂದೇ.

ಇದು ಎಂಥ ಫಜೀತಿ ಅನ್ನುವುದು ನಿಶ್ಚಿತಾರ್ಥದ ದಿನವೇ ಗೊತ್ತಾಯಿತು. ಐವಾನ್-ಎ-ಶಾಹಿ ಹತ್ತಿರದ ಹಾಲ್‌ನಲ್ಲಿ ಊಟಕ್ಕೆ ಮೊದಲು ಚಾಚಾ ಎದ್ದು ನಿಂತು ಬೀಗರನ್ನು ಸ್ವಾಗತಿಸುವ ಪದ್ಯ ಶುರು ಮಾಡಿದರು. ನಮ್ಮಲ್ಲಾದರೆ ಎರಡು ಸಾಲಾಗುವ ಹೊತ್ತಿಗೆ ವಾಹ್ ಅನ್ನಬೇಕು, ಚೆನ್ನಾಗಿದ್ದರೆ ಇನ್ನೊಮ್ಮೆ ಹೇಳ್ರಿ ಅಂತ ಕೇಳಬೇಕು. ಕೋಳಿಕ್ಕೋಡಿನವರು ಅದನ್ನು ದುಆ, ಅಂದರೆ ಪ್ರಾರ್ಥನೆ, ಅಂದುಕೊಂಡರು. ಹೆಂಗಸರು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು, ಗಂಡಸರು ಅಂಗೈ ಎತ್ತಿದರು, ಪ್ರತಿ ಎರಡು ಸಾಲಿಗೂ ಮೆಲ್ಲಗೆ ಆಮೀನ್ ಅಂದರು. ಕಮಲಾಪುರದ ಬಾಳೆಹಣ್ಣು ಮೊದಲು ಎಲ್ಲಾ ಊರಿನ ಹಣ್ಣಿನಂತೆಯೇ ಇತ್ತು, ಅಳಿಯನನ್ನು ನೋಡಿ ನಾಚಿ ಕೆಂಪಾಯಿತು ಅಂತ ನಗಿಸುವ ಒಂದು ಚಾಷ್ಟಿ ಬಂತು. ಅದಕ್ಕೂ ಆಮೀನ್. ಚಾಚಾನ ಹೆಂಡತಿ ಜುಬೇದಾ ಚಾಚಿ ಸೆರಗು ಬಾಯಿಗೆ ತುರುಕಿಕೊಂಡು ಕಂಬದ ಹಿಂದೆ ಹೋದರು.

ನಕ್ಕಿದ್ದು ಅಷ್ಟೇ. ಆಮೇಲೆ ಊಟದ ಹೊತ್ತಿನಲ್ಲಿ ನಡೆದದ್ದಕ್ಕೆ ಯಾರೂ ನಗಲಿಲ್ಲ, ಯಾಕಂದರೆ ಅದನ್ನು ಕಂಡವರು ಚಾಚಾ ಮತ್ತು ನಾನು ಇಬ್ಬರೇ.

ಫರ್ಹೀನಳಿಗೆ ಎಡಗಿವಿ ಕೇಳುವುದಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರ ಅದನ್ನು ಒಯ್ದಿತು. ತಾಯಿ ಇಲ್ಲದ ಹುಡುಗಿ, ಬೆಳೆದದ್ದು ಕಮಲಾಪುರದಲ್ಲಿ ಅಜ್ಜ ಅಜ್ಜಿಯ ಹತ್ತಿರ. ಅಂದಿನಿಂದ ಚಾಚಾ ಎಲ್ಲಿ ಕೂತರೂ ಅವಳ ಬಲಕ್ಕೇ ಕೂತವರು. ಬ್ಯಾಂಕಿನಲ್ಲೂ ಅವಳು ಕೇಳಿ ತೆಗೆದುಕೊಂಡದ್ದು ಎಡತುದಿಯ ಕೌಂಟರ್, ಮಂದಿಯೆಲ್ಲ ಬಲಕ್ಕೇ ಬೀಳಲಿ ಅಂತ. ತಾರಿಖನಿಗೆ ಇದು ಗೊತ್ತು, ಅವನ ತಾಯಿಗೆ ಗೊತ್ತಿಲ್ಲ. ಹೇಳುತ್ತೇನೆ ಅಂದಿದ್ದ, ಹೇಳಿರಲಿಲ್ಲ. ಆ ದಿನ ತಾಯಿ, ಆಯೇಶಾ ಅಂತ, ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಸೊಸೆಯಾಗುವವಳ ಎಡಕ್ಕೆ ಕೂತು ಏನೋ ಕೇಳಿದರು. ಫರ್ಹೀನ್ ಮುಂದೆ ನೋಡುತ್ತಿದ್ದಳು. ಆಕೆ ಮತ್ತೆ ಕೇಳಿದರು. ಇವಳು ಎದುರಿಗಿದ್ದ ಯಾರಿಗೋ ನಕ್ಕಳು. ಆಯೇಶಾ ಅವಳ ತಟ್ಟೆಗೆ ಬಡಿಸಲು ಎತ್ತಿದ್ದ ಚಮಚೆಯನ್ನು ಮೆಲ್ಲಗೆ ಪಾತ್ರೆಗೆ ಇಳಿಸಿಬಿಟ್ಟರು.

ಆ ಚಮಚೆ ಚಾಚಾನ ಕಣ್ಣಲ್ಲಿ ಸಿಕ್ಕಿಕೊಂಡಿತು. ಹುಡುಗಿ ಸೊಕ್ಕಿನವಳು ಅಂದುಕೊಂಡರೆ, ದೂರದ ಊರಿನಲ್ಲಿ, ಅವಳ ಬಲಕ್ಕೆ ಯಾರು ಕೂಡುತ್ತಾರೆ? ರುಖ್ಸತಿಯಲ್ಲಿ ಇದನ್ನು ಹೇಳಲೇಬೇಕು, ಆಯೇಶಾಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು ಅಂತ ಅವರು ನಿಶ್ಚಯ ಮಾಡಿದರು. ತಾರಿಖನಿಗೆ ಹೇಳಿ ಹೇಳಿಸಬಹುದಲ್ಲ ಅಂತ ನಾನು ಕೇಳಿದ್ದುಂಟು. ಹೇಳಿಸಿದರೆ ಸುದ್ದಿಯಾಗುತ್ತದೆ, ಸುದ್ದಿಯ ಹಿಂದೆ ಚರ್ಚೆ ಬರುತ್ತದೆ, ರುಖ್ಸತಿಯಲ್ಲಿ ಬಂದದ್ದು ಒಪ್ಪಿಸಿದ್ದು ಆಗುತ್ತದೆ, ಒಪ್ಪಿಸಿದ್ದನ್ನು ಯಾರೂ ತೂಗಿ ನೋಡುವುದಿಲ್ಲ ಅಂದರು.

ಹೀಗೆ ಚಾಚಾ ನನ್ನ ಟ್ಯೂಷನ್ನಿಗೆ ಬರತೊಡಗಿದರು. ಮಕ್ಕಳ ಹಿಂದೆ, ಗೋಡೆಗೆ ಒರಗಿ ಕುರ್ಚಿಯಲ್ಲಿ. ಎರಡನೇ ಇಯತ್ತೆಯವರಿಗೆ ರೈಮಿಂಗ್ ವರ್ಡ್ಸ್ ನಡೆದಿತ್ತು. ಕ್ಯಾಟ್, ಬ್ಯಾಟ್, ಹ್ಯಾಟ್. ಹೆನ್, ಪೆನ್, ಟೆನ್. ಮಕ್ಕಳು ಕೂಗಿ ಹೇಳುವಾಗ ಚಾಚಾನ ತುಟಿಯೂ ಆಡುತ್ತಿತ್ತು. ಬೆಕ್ಕು, ಟೋಪಿ, ಕೋಳಿ ಇಟ್ಟುಕೊಂಡು ಮಗಳನ್ನು ಕಳಿಸಲು ಆಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಆದರೆ ಒಂದು ಭಾಷೆಯ ಕಿವಿ ಹಿಡಿಯಬೇಕಾದರೆ ಅದರ ಮಕ್ಕಳ ಜೊತೆ ಕೂಡಬೇಕು ಅಂದರು.

ಅವರ ಕೆಲಸದ ರೀತಿಯೇ ಬೇರೆ. ನಾವು ಹೇಳಬೇಕಾದ ಮಾತನ್ನು ಮೊದಲು ಯೋಚಿಸಿ ಆಮೇಲೆ ಪ್ರಾಸ ಹುಡುಕುತ್ತೇವೆ. ಅವರು ಪ್ರಾಸಗಳನ್ನೇ ಮೊದಲು ಕೂಡಿಹಾಕುತ್ತಾರೆ, ಗುಂಡಿ ಆರಿಸಿಕೊಂಡು ಆಮೇಲೆ ಶೇರ್ವಾನಿ ಕತ್ತರಿಸಿದ ಹಾಗೆ. ಶುರುವಿನಿಂದ ಕೊನೆಯವರೆಗೂ ಒಂದೇ ಪ್ರಾಸ ನಡೆಯಬೇಕು. ಆದ್ದರಿಂದ ನಾನು ಶಬ್ದ ಹೇಳಬೇಕು, ಅರ್ಥ ಹೇಳಬೇಕು, ಅವರು ಅದನ್ನು ಬಟ್ಟೆ ಮುಟ್ಟಿ ನೋಡಿದ ಹಾಗೆ ನೋಡಿ ಇಟ್ಟುಕೊಳ್ಳಬೇಕು, ಇಲ್ಲ ಬಿಡಬೇಕು.

ಗ್ರ್ಯಾಂಡ್ ಡಾಟರ್ ಅಳತೆಗೆ ಉದ್ದವಾಗುತ್ತದೆ ಅಂತ ಡಾಟರ್ ಒಂದನ್ನೇ ಇಟ್ಟರು. ವಾಟರ್ ಇತ್ತು. ಕ್ವಾರ್ಟರ್ ಅಂದೆ, ಕಾಲು ಭಾಗ ಅಂತ ಅರ್ಥ. ಆಗ ಗೋಡೆಯ ಆಚೆಯಿಂದ ಜುಬೇದಾ ಚಾಚಿ, ಬಸ್‌ಸ್ಟ್ಯಾಂಡಿನ ಹತ್ತಿರ ಬಾಟಲಿಯಲ್ಲಿ ಮಾರುತ್ತಾರಲ್ಲ ಅದೇನಾ ಅಂತ ಕೇಳಿದರು. ಕ್ವಾರ್ಟರ್ ಹೋಯಿತು. ಸ್ಲಾಟರ್ ಅಂದೆ, ಅರ್ಥ ಹೇಳಿದೆ. ಚಾಚಾ ಕಿವಿ ಮುಟ್ಟಿಕೊಂಡು ತೌಬಾ ಅಂದು, ಆ ಶಬ್ದವನ್ನು ಬೋರ್ಡಿನಿಂದ ಒರೆಸುವ ತನಕ ಬೇರೆ ಕಡೆ ನೋಡಿದರು. ಎರಡು ಶಬ್ದ ಕೂಡಿ ಒಂದು ಪ್ರಾಸ ಆಗಬಹುದು ಅಂತ ಟಾಟ್ ಹರ್, ಬ್ರಾಟ್ ಹರ್ ಹೇಳಿದೆ. ಕಲಿಸಿದೆವು, ಕರೆತಂದೆವು. ಅವರ ಮುಖ ಅರಳಿತು. ಆ ಹುರುಪಿನಲ್ಲಿ ಬಾಟ್ ಹರ್ ಅಂದೆ, ಕೊಂಡುಕೊಂಡೆವು ಅಂತ ಅರ್ಥ.

"ಬ್ಯಾಡ ಬೇಟಾ," ಅಂದರು. "ಮಗಳ ಮಾತಿನ್ಯಾಗ ಖರೀದಿ ಬರಬಾರದು. ಒಂದು ಕೆಟ್ಟ ಗುಂಡಿ ಇದ್ದರ ಇಡೀ ಅಂಗಿ ಕೆಡ್ತದ."

ಡಾಟರಿನ ಇಡೀ ಸಾಲೇ ಹೋಯಿತು. ಉರ್ದುವನ್ನು ಕೆಡಿಸಿದ್ದು ಮುಗಿಯಿತು, ಇನ್ನು ಇಂಗ್ಲಿಷ್ ಪಾಳಿ, ಪಾಪ ಅದೇನು ತಪ್ಪು ಮಾಡಿತ್ತೋ ಅಂತ ಚಾಚಿ ಬೆಳ್ಳುಳ್ಳಿ ಸುಲಿಯುತ್ತ ಹೇಳಿದರು. ಆದರೆ ಸಂಜೆ ನನಗೂ ಒಂದು ಕಪ್ ಚಹಾ ಗೋಡೆಯ ಮೇಲೆ ಇಟ್ಟು, ಇವರು ರಾತ್ರಿ ನಿದ್ದೆಯಲ್ಲೂ ವಾಟರ್ ವಾಟರ್ ಅನ್ನುತ್ತಾರೆ, ನಾನು ಎದ್ದು ನೀರು ತಂದುಕೊಡುತ್ತೇನೆ ಅಂದರು. ನಗುತ್ತಲೇ ಅಂದರು, ಆದರೆ ಏನಾದರೂ ಕೂಡಿಸಿಕೊಡು ಅನ್ನುವ ಕಣ್ಣಿತ್ತು.

ಮರುದಿನ ಮಕ್ಕಳು ಹೋದಮೇಲೆ ಚಾಚಾ ಎದ್ದು ಹೋಗಲಿಲ್ಲ. ಮಗಳನ್ನು ಬಿಡೋಣ, ಹೇಳಬೇಕಾದದ್ದನ್ನೇ ಹಿಡಿಯೋಣ ಅಂದರು. ಕಿವಿಗೆ ಏನನ್ನುತ್ತಾರೆ ಅಂತ ಕೇಳಿದರು. ಇಯರ್ ಅಂದೆ. ಅದರ ಜೋಡಿಗಳನ್ನು ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯುತ್ತ ಹೋದೆ. ನಿಯರ್, ಹತ್ತಿರ. ಡಿಯರ್, ಪ್ರೀತಿಪಾತ್ರ. ಹಿಯರ್, ಕೇಳು. ಫಿಯರ್, ಅಂಜಿಕೆ. ಟಿಯರ್, ಕಣ್ಣೀರು. ಬರೆಯುವಾಗ ಮಕ್ಕಳ ಪಾಠ ಬರೆದಂತೆಯೇ ಬರೆದೆ. ಬರೆದು ಹಿಂದೆ ಸರಿದು ಇನ್ನೊಮ್ಮೆ ಓದಿದೆ. ವರ್ಷಗಟ್ಟಲೆ ಇದೇ ಶಬ್ದಗಳನ್ನು ಮಕ್ಕಳಿಂದ ಕೂಗಿಸಿದ್ದೇನೆ, ಅವು ಒಟ್ಟಿಗೆ ಏನು ಹೇಳುತ್ತಿವೆ ಅಂತ ನಾನು ಕೇಳಿಸಿಕೊಂಡೇ ಇರಲಿಲ್ಲ.

ಚಾಚಾ ಎದ್ದು ಬೋರ್ಡಿನ ಹತ್ತಿರ ಬಂದು ನೋಡಿದರು.

"ಈ ಭಾಷಾ ಕಟ್ಟಿದೋರು ಯಾರೋ ಏನೋ," ಅಂದರು. "ಕಿವಿ, ಹತ್ರ, ಪ್ರೀತಿ, ಅಂಜಿಕಿ, ಕಣ್ಣೀರು, ಎಲ್ಲಾರಿಗೂ ಒಂದ ಓಣ್ಯಾಗ ಮನಿ ಕೊಟ್ಟಾರ ನೋಡು."

ಪದ್ಯ ಬೇಗ ಬೇಗ ಬಂತು. ಮಷಿನ್ ಇಲ್ಲದ್ದರಿಂದ ಕಾಲಿನಿಂದ ನೆಲ ತುಳಿಯುತ್ತ ಕಟ್ಟಿದರು. ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು. ನಾನು ಸರಿಮಾಡಲು ಹೋದಲ್ಲೆಲ್ಲ ಲಯ ಮುರಿಯಿತು, ಸುಮ್ಮನಾದೆ. ಅದರ ನಡುವಿನ ಎರಡು ಸಾಲು ಹೀಗಿದ್ದವು: ಇಫ್ ಶಿ ಈಸ್ ಸೈಲೆಂಟ್, ಡೋಂಟ್ ಫಿಯರ್, ಲೆಫ್ಟ್ ಸೈಡ್ ಕಾಲ್ ಶಿ ಕೆನಾಟ್ ಹಿಯರ್. ಅವಳು ಸುಮ್ಮನಿದ್ದರೆ ಅಂಜಬೇಡಿ, ಎಡಗಡೆಯ ಕರೆ ಅವಳಿಗೆ ಕೇಳುವುದಿಲ್ಲ.

ಇದು ಕಾಮ್ರಾನ್ ಭಾಯಿಯ ಕಿವಿಗೆ ಬಿತ್ತು. ಮರುದಿನ ಕಚೇರಿಯಿಂದ ನೇರ ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ, ಕುಡಿಯಲಿಲ್ಲ, ಕಪ್ಪಿನಲ್ಲಿ ನೋಡುತ್ತ ಕೂತರು.

"ಟೀಚರ್‌ರೀ, ಅಬ್ಬಾಗ ಬ್ಯಾರೆ ಯಾವ್ದರೆ ಶಬ್ದ ಕೊಡ್ರಿ. ಇಂಗ್ಲಿಷನ್ಯಾಗ ಶಬ್ದಕ್ಕೇನು ಬರ ಬಿದ್ದದ? ಇಡೀ ಅಂಗಳದ ಮಂದಿ ಮುಂದ ನನ್ನ ಮಗಳ ಕಿವೀನೇ ಹಾಡಬೇಕಾ?"

ಅವರ ಅಂಜಿಕೆ ನನಗೆ ತಿಳಿಯಿತು. ಹುಡುಗಿಗೆ ಏನೋ ಕೊರತೆ ಇತ್ತು, ಮುಚ್ಚಿಟ್ಟಿದ್ದರು ಅಂತ ಕೋಳಿಕ್ಕೋಡಿನವರು ಅಂದುಕೊಂಡರೆ? ಸೊಕ್ಕಿನವಳು ಅಂದುಕೊಂಡಾರು ಅನ್ನುವುದು ಅಜ್ಜನ ಅಂಜಿಕೆ, ಮುಚ್ಚಿಟ್ಟರು ಅಂದುಕೊಂಡಾರು ಅನ್ನುವುದು ಅಪ್ಪನದು. ಯಾವುದು ಹೆಚ್ಚು ಅಂತ ನಾನು ಹೇಳಲಾರೆ. ನಾನು ಕೇಳಿದ್ದು ಇಷ್ಟೇ, ಹುಡುಗಿಯನ್ನು ಕೇಳಿದ್ದೀರಾ ಅಂತ. ಅವರು ಕೇಳಿರಲಿಲ್ಲ. ಗೋಡೆಯ ಹತ್ತಿರ ಹೋಗಿ ಚಾಚಾನನ್ನು ಕೇಳಿದೆ. ಅವರೂ ಕೇಳಿರಲಿಲ್ಲ. ರುಖ್ಸತಿಯನ್ನು ಮದುಮಗಳಿಗೆ ಮೊದಲೇ ಕೇಳಿಸುವ ಪದ್ಧತಿ ಇಲ್ಲ. ಪದ್ಧತಿ ಅಂದರು, ಆಮೇಲೆ ತಮ್ಮ ಮಾತು ತಮಗೇ ಸೇರದವರಂತೆ ಗಡ್ಡ ಸವರಿಕೊಂಡರು.

ಆ ಸಂಜೆ ಫರ್ಹೀನ್ ಬ್ಯಾಂಕಿನಿಂದ ಬಂದಮೇಲೆ ಅಜ್ಜ ಮೊಮ್ಮಗಳು ಕರಿಬೇವಿನ ಗಿಡದ ಕೆಳಗೆ ಕೂತರು. ಅವಳ ಬಲಕ್ಕೆ ಅವರು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಹೊರಟುಹೋಗಬಹುದಿತ್ತು, ಹೋಗಲಿಲ್ಲ. ಚಾಚಾ ದನಿ ಇಳಿಸಿ, ಜ್ವರ ಬಂದು ಹೋದಮೇಲಿನ ದಿನಗಳಲ್ಲಿ ಅವಳಿಗೆ ಹೇಳುತ್ತಿದ್ದ ಹಾಗೆ, ಪೂರ್ತಿ ಪದ್ಯವನ್ನು ಆ ಒಂದು ಕಿವಿಗೆ ಹೇಳಿದರು. ಅವಳು ಮಡಿಲಲ್ಲಿದ್ದ ಟಿಫಿನ್ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೇಳಿದಳು. ಕಣ್ಣಲ್ಲಿ ನೀರು ಬಂತು, ಅಜ್ಜನ ಉಚ್ಚಾರಕ್ಕೆ ನಗುವೂ ಬಂತು. ಆಮೇಲೆ ಅವಳು ಅವರೊಡನೆ ದಖನಿಯಲ್ಲಿ ಏನೋ ಬಹಳ ಹೊತ್ತು ಮಾತಾಡಿದಳು. ಮುಗಿಸಿ, ಗೋಡೆಯ ಈಚೆ ನಾನಿರುವುದು ಗೊತ್ತಿದ್ದವಳಂತೆ ಕನ್ನಡದಲ್ಲಿ ಅಂದಳು:

"ಟೀಚರ್, ದಾದಾಗ ನೀವರೆ ಹೇಳ್ರಿ. ಕೇಳದ ಕಿವಿ ಸುದ್ದಿ ಯಾಕ್ರಿ? ಕೇಳೋ ಕಿವಿ ಸುದ್ದಿ ಹೇಳಲಿ."

ನಾನು ಬಟ್ಟೆ ಎದೆಗೊತ್ತಿಕೊಂಡು ನಿಂತೇ ಇದ್ದೆ. ಚಾಚಾನ ಕಾಲು ನೆಲ ತುಳಿಯತೊಡಗಿತ್ತು.

ನಿಕಾಹ್ ಕಲಬುರಗಿಯಲ್ಲಿ ಆಯಿತು. ಅಲ್ಲಿಂದ ಎಲ್ಲರೂ ಕಮಲಾಪುರಕ್ಕೆ ಬಂದೆವು. ಬೀಗರಿಗೆ ಅದೇನು ಸುತ್ತಿನ ದಾರಿಯಲ್ಲ, ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರು. ಅಂಗಳದಲ್ಲಿ ಶಾಮಿಯಾನ, ಅದರ ಕೆಳಗೆ ಸೋಫಾ. ಫರ್ಹೀನ್ ನಡುವೆ ಕೂತಿದ್ದಳು. ಅವಳ ಎಡಕ್ಕೆ ಆಯೇಶಾ, ನೇರ ಬೆನ್ನು, ಕಡಿಮೆ ಮಾತು. ಬಲಗಡೆಯ ಜಾಗ ಖಾಲಿ ಇತ್ತು. ಅದು ಚಾಚಾನದು ಅಂತ ನಮ್ಮವರೆಲ್ಲರಿಗೂ ಗೊತ್ತು. ತಾರಿಖ್ ಕಾರಿನ ಹತ್ತಿರ ಚೀಲ ಇಡಿಸುತ್ತಿದ್ದ. ಕಾಮ್ರಾನ್ ಭಾಯ್ ಬಾಗಿಲ ಕಂಬ ಹಿಡಿದು ನಿಂತಿದ್ದರು. ಆ ಎರಡು ಸಾಲು ಉಳಿದಿವೆಯೋ ಹೋಗಿವೆಯೋ ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಚಾಚಾ ಯಾರಿಗೂ ಹೇಳಿರಲಿಲ್ಲ.

ಚಾಚಾ ಎದ್ದು ನಿಂತರು. ಕೈಯಲ್ಲಿ ಕಾಗದ ಇರಲಿಲ್ಲ. ಮೊದಲು ಅಂಗಳಕ್ಕೆಲ್ಲ ಸಲಾಂ ಹೇಳಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ಟು ಯುವರ್ ಹೌಸ್ ವಿ ಸೆಂಡ್ ಅವರ್ ಡಿಯರ್. ನಿಮ್ಮ ಮನೆಗೆ ನಮ್ಮ ಪ್ರೀತಿಯವಳನ್ನು ಕಳಿಸುತ್ತಿದ್ದೇವೆ. ಉರ್ದು ಪದ್ಯದ ಏರಿಳಿತ, ಇಂಗ್ಲಿಷ್ ಶಬ್ದ. ಕಮಲಾಪುರದ ಮಂದಿಗೆ ಒಂದಕ್ಷರ ತಿಳಿಯಲಿಲ್ಲ. ಎಲ್ಲಿ ವಾಹ್ ಅನ್ನಬೇಕೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎದುರುಮನೆಯ ನಬಿಸಾಬ್ ಭಕ್ತಿಯಿಂದ ಅಂಗೈ ಎತ್ತಿ ಆಮೀನ್ ಅಂದರು. ಅವರನ್ನು ನೋಡಿ ಇಡೀ ಓಣಿ ಆಮೀನ್ ಅಂದಿತು. ಜುಬೇದಾ ಚಾಚಿ ಈ ಸಲ ಕಂಬದ ಹಿಂದೆ ಹೋಗಲಿಲ್ಲ. ಅಳುತ್ತ ನಿಂತಿದ್ದವರು ಅಳುತ್ತಲೇ ನಕ್ಕರು.

ಆಯೇಶಾ ಮಾತ್ರ ಅಂಗೈ ಎತ್ತಿರಲಿಲ್ಲ. ಪರೀಕ್ಷೆಯ ದಿನ ಮಕ್ಕಳ ಬಾಯಿಪಾಠ ಕೇಳುವವರಂತೆ ತಲೆ ಬಾಗಿಸಿ ಪ್ರತಿ ಶಬ್ದವನ್ನೂ ಹಿಂಬಾಲಿಸುತ್ತಿದ್ದರು. ಚಾಚಾ ಅವರ ಕಡೆಗೇ ತಿರುಗಿದರು.

"ಆನ್ ದ ರೈಟ್ ಸೈಡ್ ಸಿಟ್, ಸಿಟ್ ನಿಯರ್. ದಟ್ ಈಸ್ ಮೈ ಡಾಟರ್ಸ್ ಲಿಸನಿಂಗ್ ಇಯರ್."

ಬಲಗಡೆ ಕೂಡಿ, ಹತ್ತಿರ ಕೂಡಿ, ನನ್ನ ಮಗಳ ಕೇಳುವ ಕಿವಿ ಅದು.

ನಬಿಸಾಬ್ ಆಮೀನ್ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಆಯೇಶಾ ಒಂದು ಕೈ ಎತ್ತಿ ತಡೆದರು. ಅವರ ಮುಖ ಬದಲಾಗಿತ್ತು. ನಿಶ್ಚಿತಾರ್ಥದ ಊಟ ಅವರಿಗೂ ನೆನಪಿಗೆ ಬಂದಿರಬೇಕು.

"ಒನ್ಸ್ ಮೋರ್," ಅಂದರು ಮೆಲ್ಲಗೆ. "ಪ್ಲೀಸ್."

ಚಾಚಾನಿಗೆ ಜೀವಮಾನದಲ್ಲಿ ಎಷ್ಟೋ ಸಲ ಇನ್ನೊಮ್ಮೆ ಹೇಳ್ರಿ ಅಂದವರಿದ್ದಾರೆ. ಹೀಗೆ ಯಾರೂ ಅಂದಿರಲಿಕ್ಕಿಲ್ಲ. ಅವರು ಇನ್ನೊಮ್ಮೆ ಹೇಳಿದರು. ಲಯ ತಪ್ಪಲಿಲ್ಲ. ಫರ್ಹೀನ್ ತಲೆ ತಗ್ಗಿಸಿರಲಿಲ್ಲ, ಅಜ್ಜನನ್ನೇ ನೋಡುತ್ತಿದ್ದಳು. ಕಾಮ್ರಾನ್ ಭಾಯ್ ಕಂಬ ಬಿಟ್ಟು ಕನ್ನಡಕ ತೆಗೆದು ಒರೆಸುತ್ತ ನಿಂತರು.

ಆಯೇಶಾ ಎದ್ದರು. ಸೋಫಾದ ಹಿಂದಿನಿಂದ ಸುತ್ತಿಕೊಂಡು ಬಂದು ಬಲಗಡೆಯ ಖಾಲಿ ಜಾಗದಲ್ಲಿ ಕೂತರು. ಸೊಸೆಯ ಆ ಕಿವಿಗೆ ಬಾಯಿ ಹಚ್ಚಿ ಏನೋ ಕೇಳಿದರು. ಏನಂತ ನಮಗೆ ಕೇಳಿಸಲಿಲ್ಲ, ಕೇಳಬೇಕಾದವಳಿಗೆ ಕೇಳಿಸಿತು, ಅವಳು ಹೌದೆಂದು ತಲೆ ಆಡಿಸಿದಳು. ಚಾಚಾ ತಮ್ಮ ಜಾಗ ತುಂಬಿದ್ದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು, ಕೂಡಲು ಎಲ್ಲೂ ಹುಡುಕದೆ ಹಾಗೇ ನಿಂತರು.

ಫೋಟೋ ತೆಗೆಯುವ ಗುಂಡಣ್ಣನಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಶಾಮಿಯಾನದ ಹರಕಿನಿಂದ ಬೀಳುವ ಬಿಸಿಲಿನದೇ ಚಿಂತೆ. ಕ್ಯಾಮೆರಾದಿಂದ ಕಣ್ಣು ತೆಗೆದು ಕೈ ಬೀಸಿದ.

"ಮೇಡಂ, ನಿಮ್ಮ ಮುಖದ ಮ್ಯಾಲೆ ಬಿಸಲು ಹೊಡ್ಯಾಕತ್ತದ್ರಿ. ಮೊದಲಿನಂಗ ಲೆಫ್ಟ್ ಸೈಡ್ ಬರ್ರಿ, ಒಂದ ಫೋಟೋಕ್ಕರೆ."

ತಾರಿಖ್ ಕಾರಿನ ಹತ್ತಿರದಿಂದ ಅದನ್ನು ಮಲಯಾಳಂನಲ್ಲಿ ತಾಯಿಗೆ ಹೇಳಿದ. ಆಕೆ ಮಗನ ಕಡೆ ನೋಡಲಿಲ್ಲ. ಫರ್ಹೀನಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಗುಂಡಣ್ಣನನ್ನೇ ನೋಡಿದರು.

"ನೋ," ಅಂದರು. "ದಿಸ್ ಸೈಡ್ ಓನ್ಲಿ."